ಹದಿಮೂರು ಹೆಜ್ಜೆಗಳ ಎಡ್ವಿನ್ ಮೋಸೆಸ್

ಅಟ್ಲಾಂಟಾ ನಗರದ ಮೋರ್‌ಹೌಸ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡುತ್ತ, ಆ ವಿದ್ಯಾಲಯಕ್ಕೆ ಸ್ವಂತ ಓಟದ ಪಥವೇ ಇಲ್ಲದ ಕಾರಣ ಊರಿನ ಪ್ರೌಢಶಾಲೆಗಳ ಮೈದಾನಗಳನ್ನಾಶ್ರಯಿಸಿ ಅಭ್ಯಾಸಗೈದ ಎಡ್ವಿನ್ ಮೋಸೆಸ್ ಎಂಬ ತರುಣನು, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 47.63 ಸೆಕೆಂಡುಗಳಲ್ಲಿ ಮುಗಿಸಿ, ಸ್ವರ್ಣಪದಕದೊಡನೆ ವಿಶ್ವದಾಖಲೆಯನ್ನೂ ತನ್ನದಾಗಿಸಿಕೊಂಡನು.

ಈ ಸ್ಪರ್ಧೆಯ ಮರ್ಮವೆಲ್ಲ ಹೆಜ್ಜೆಯ ಗಣಿತದಲ್ಲಡಗಿದೆ. ಹತ್ತು ಹರ್ಡಲ್‌ಗಳು, ಒಂದರಿಂದ ಮತ್ತೊಂದಕ್ಕೆ 35 ಮೀಟರ್. ಅನ್ಯರು ಬಹುಮಟ್ಟಿಗೆ 14 ಅಥವಾ 15 ಹೆಜ್ಜೆಗಳಲ್ಲಿ ಕ್ರಮಿಸುತ್ತಿದ್ದ ಆ ಅಂತರವನ್ನು, ದೀರ್ಘಪಾದನ್ಯಾಸದ ಈತನು, ಉಸಿರು ಕಟ್ಟುವ ಕಡೆಯ ತಿರುವಿನಲ್ಲಿಯೂ 13 ಹೆಜ್ಜೆಗಳನ್ನೇ ಕಾಯ್ದುಕೊಂಡು ದಾಟುತ್ತಿದ್ದನು. ಅದು ಬೆಸಸಂಖ್ಯೆಯಾದುದರಿಂದ ಪ್ರತಿಸಲವೂ ಒಂದೇ ಕಾಲು ಮುಂದಾಗುತ್ತಿತ್ತು, ಲಯವೆಂಬುದು ಎಲ್ಲಿಯೂ ಭಂಗಗೊಳ್ಳುತ್ತಿರಲಿಲ್ಲ.

1977ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ಜರ್ಮನಿಯ ಹೆರಾಲ್ಡ್ ಷ್ಮಿಟ್‌ಗೆ ಸೋತ ಮೇಲೆ, ಸತತವಾಗಿ 122 ಓಟಗಳಲ್ಲಿ ಮೋಸೆಸನನ್ನು ಯಾರೂ ಹಿಂದಿಕ್ಕಲಾರದೆ ಹೋದರು. ನಡುವೆ ಅಮೆರಿಕದ ಬಹಿಷ್ಕಾರದಿಂದ 1980ರ ಮಾಸ್ಕೋ ಒಲಿಂಪಿಕ್ಸ್ ಕೈತಪ್ಪಿತು. ರಾಜ್ಯಗಳ ಮುನಿಸಿಗೆ ಕ್ರೀಡಾಪಟು ತೆತ್ತ ದಂಡವಿದೆನ್ನದೆ ವಿಧಿಯಿಲ್ಲ. 1983ರಲ್ಲಿ ತನ್ನ ಜನ್ಮದಿನದಂದೇ ಕೋಬ್ಲೆಂಜ್‌ನಲ್ಲಿ 47.02 ಸೆಕೆಂಡುಗಳ ದಾಖಲೆ. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಎರಡನೆಯ ಸ್ವರ್ಣ.

ಕಡೆಗೆ 1987ರ ಜೂನ್ 4ರಂದು ಮ್ಯಾಡ್ರಿಡ್‌ನಲ್ಲಿ ಡ್ಯಾನಿ ಹ್ಯಾರಿಸ್ ಆ ಸರಣಿಯನ್ನು ಮುರಿದನು. ಆದರೆ ಕೆಲವೇ ತಿಂಗಳಲ್ಲಿ ರೋಮಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಮೋಸೆಸನು 47.46 ಸೆಕೆಂಡುಗಳಲ್ಲಿ ಗೆದ್ದಾಗ, ಕೇವಲ ಎರಡು ಶತಾಂಶದಷ್ಟು ಹಿಂದುಳಿದು ಒಟ್ಟಿಗೇ ಗೆರೆ ಮುಟ್ಟಿದವರು ಬೇರಾರೂ ಅಲ್ಲ, ಅವನನ್ನು ಹಿಂದೊಮ್ಮೆ ಸೋಲಿಸಿದ್ದ ಹ್ಯಾರಿಸ್ ಮತ್ತು ಷ್ಮಿಟ್!