ನಾನಿಮಾ ಹೇಳಿದ್ದು, ನಾನು ಬಿಟ್ಟದ್ದು

ಸಹೋದರಿಯರೇ, ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ತೊಂಬತ್ತರ ಅಂಚಿನಲ್ಲಿರುವ ಅಜ್ಜಿಯೊಬ್ಬರು ಇದ್ದಾರೆಯೇ? ಅವರು ಸಣ್ಣ ಹುಡುಗಿಯಾಗಿದ್ದಾಗ ಒಂದು ರಾತ್ರಿ ಮನೆ ಬಿಟ್ಟು ಓಡಿದ ಕಥೆಯನ್ನು ಅರ್ಧಂಬರ್ಧ ಕೇಳಿದ್ದೀರಾ? ಹಾಗಿದ್ದರೆ ಈ ಲೇಖನ ನಿಮಗಾಗಿಯೇ ಬರೆದದ್ದು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ನಮ್ಮ ಜೇವರ್ಗಿಗೆ ಬಂದಿದ್ದಳು. 1948ರಲ್ಲಿ ಊರು ಬಿಟ್ಟವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವುದು ಅವಳ ಕೆಲಸ. ಅವಳಿಗೆ ಕನ್ನಡ ಬರುತ್ತಿತ್ತು, ದಖನಿ ಬರುತ್ತಿರಲಿಲ್ಲ. ನಮ್ಮ ಓಣಿಯ ಹಿರಿಯರಾದ ನಾನಿಮಾಗೆ ಮನಬಿಚ್ಚಿ ಮಾತನಾಡಲು ದಖನಿಯೇ ಬೇಕು. ಇಬ್ಬರ ನಡುವೆ ದುಭಾಷಿಯಾಗಿ ಕುಳಿತವಳು ನಾನು. ಮದ್ರಸಾದಲ್ಲಿ ಉರ್ದು, ಅರಬಿ ಓದಿದ್ದೇನೆ, ಕನ್ನಡದಲ್ಲಿ ಬಿ.ಎ. ಮಾಡಿದ್ದೇನೆ, ನನಗೇನು ಕಷ್ಟ ಎಂಬ ಸಣ್ಣ ಹಮ್ಮು ಮನಸ್ಸಿನಲ್ಲಿತ್ತು.

ನಾನಿಮಾ ಹೇಳುತ್ತಾ ಹೋದರು. ಆಗ ಅವರಿಗೆ ಹತ್ತು ವರ್ಷ. ಜೋಳದ ಹೊಲದಲ್ಲಿ ಅಡಗಿ ಕುಳಿತದ್ದು, ಅಂಬಿಗನೊಬ್ಬ ರಾತ್ರಿ ಹರಗೋಲಿನಲ್ಲಿ ಭೀಮಾ ನದಿ ದಾಟಿಸಿದ್ದು, ಹೈದರಾಬಾದಿನಲ್ಲಿ ಸಂಬಂಧಿಕರ ಅಂಗಳದಲ್ಲಿ ತಿಂಗಳುಗಟ್ಟಲೆ ಕಳೆದದ್ದು. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ನಡುವೆ ಅವರು ಇನ್ನೊಂದು ಮಾತು ಹೇಳಿದರು. ಅದಕ್ಕಿಂತ ಮೊದಲು ರಜಾಕಾರರ ಹೆದರಿಕೆಗೆ ಪಕ್ಕದ ಓಣಿಯ ಹಿಂದೂ ಮನೆಗಳವರು ಊರು ಬಿಟ್ಟಿದ್ದರಂತೆ. ಆ ರಜಾಕಾರರ ಜೊತೆ ತಿರುಗುತ್ತಿದ್ದವರಲ್ಲಿ ನಮ್ಮ ಓಣಿಯವನೂ ಒಬ್ಬನಿದ್ದನಂತೆ. ಈ ಮಾತನ್ನು ನಾನು ಅನುವಾದಿಸಲಿಲ್ಲ. ಹೊರಗಿನ ಹುಡುಗಿಯ ಮುಂದೆ ನಮ್ಮ ಮರ್ಯಾದೆಯನ್ನು ನಾವೇ ಏಕೆ ಕಳೆಯಬೇಕು ಎನಿಸಿತು.

ನಾನಿಮಾ ಸುಮ್ಮನಾದರು. ಬಳಿಕ ಜೇವರ್ಗಿಯ ಕನ್ನಡದಲ್ಲೇ ಹುಡುಗಿಗೆ ಹೇಳಿದರು: "ಆಕಿ ಒಂದ್ ಮಾತು ಬಿಟ್ಟಾಳವ್ವಾ. ಮದಲ ಅವರು ಓಡಿದ್ರು, ಆಮ್ಯಾಲ ನಾವು ಓಡಿದಿವಿ. ಎರಡೂ ಬರಕೋ."

ಜೀವನವಿಡೀ ಸಂತೆಯಲ್ಲಿ ಕನ್ನಡ ಆಡಿದವರಿಗೆ ನನ್ನ ಅನುವಾದ ಅರ್ಥವಾಗದೆ ಇರುತ್ತದೆಯೇ? ನನ್ನ ಮುಖ ಸಣ್ಣದಾಯಿತು. ಆದರೆ ಮುಂದೆ ಅವರು ಹೇಳಿದ್ದನ್ನು ಕೇಳಿ. ಪಕ್ಕದ ಓಣಿಯ ಗೌಡತಿಯೊಬ್ಬರು ಸೊಲ್ಲಾಪುರದ ಕಡೆ ಹೊರಟಾಗ ಮನೆಯ ಬೀಗದ ಕೈಯನ್ನು ನಾನಿಮಾರ ತಾಯಿಯ ಕೈಯಲ್ಲಿ ಕೊಟ್ಟಿದ್ದರು. ಅವರು ಮರಳಿ ಬಂದ ಮೇಲೆ ಓಡುವ ಸರದಿ ನಾನಿಮಾರ ಮನೆಯವರದ್ದಾಯಿತು. ಈಗ ತಾಯಿ ತಮ್ಮ ಬೀಗದ ಕೈಯನ್ನು ಅದೇ ಗೌಡತಿಯ ಕೈಯಲ್ಲಿಟ್ಟರು. ತಿಂಗಳುಗಳ ಬಳಿಕ ಬಂದಾಗ ಪಾತ್ರೆ ಪಗಡೆ ಒಂದೂ ಕಡಿಮೆಯಾಗಿರಲಿಲ್ಲ.

ನಮ್ಮವನ ತಪ್ಪನ್ನು ಮುಚ್ಚಲು ಹೋಗಿ ನಾನು ಆ ಇಬ್ಬರು ಹೆಂಗಸರ ವಿಶ್ವಾಸವನ್ನೂ ಅಳಿಸಿಬಿಡುತ್ತಿದ್ದೆ.

ಒಂದೇ ವರ್ಷ, ಎರಡು ಹೆಸರು

1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿರಲಿಲ್ಲ. ಗುಲ್ಬರ್ಗಾ, ಬೀದರ್, ರಾಯಚೂರು ಆ ಸಂಸ್ಥಾನದ ಜಿಲ್ಲೆಗಳಾಗಿದ್ದವು. ಖಾಸಿಂ ರಜ್ವಿಯ ನಾಯಕತ್ವದ ರಜಾಕಾರರ ಹಾವಳಿಗೆ ಹೆದರಿ ಅನೇಕ ಕುಟುಂಬಗಳು ಗಡಿ ದಾಟಿ ಮುಂಬೈ ಪ್ರಾಂತಕ್ಕೆ ಹೋದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಆ ಬಳಿಕದ ದಿನಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದವು. ಬದುಕಿ ಉಳಿದ ಅನೇಕರು ಹೈದರಾಬಾದ್ ನಗರಕ್ಕೆ ನಿರಾಶ್ರಿತರಾಗಿ ಹೋದರು.

ಈಗ ಸೆಪ್ಟೆಂಬರ್ 17 ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ದಿನ. ಶಾಲೆಯಲ್ಲಿ ಧ್ವಜ ಹಾರಿಸಿ ಮಕ್ಕಳಿಗೆ ಸಿಹಿ ಹಂಚುತ್ತೇವೆ. ಒಂದು ಮನೆಯಲ್ಲಿ ಅದರ ಹೆಸರು ವಿಮೋಚನೆ, ಇನ್ನೊಂದು ಮನೆಯಲ್ಲಿ ಪೊಲೀಸ್ ಆಕ್ಷನ್. ಎರಡೂ ಮನೆಗಳ ಹಿರಿಯರು ಸತ್ಯವನ್ನೇ ಹೇಳುತ್ತಿರಬಹುದು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ತಲುಪಿಲ್ಲ, ಅಷ್ಟೇ.

ಐನೂರು ಜನರ ಮಾತು

ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫ್ಫಾರ್ ಅವರನ್ನೊಳಗೊಂಡ ಸಮಿತಿಯೊಂದು ಭಾರತ ಸರಕಾರದ ಕೋರಿಕೆಯಂತೆ ಸಂಸ್ಥಾನದಲ್ಲಿ ಸಂಚರಿಸಿತು. 16 ಜಿಲ್ಲೆಗಳ ಪೈಕಿ 9ಕ್ಕೆ ಭೇಟಿ ನೀಡಿತು. ತಾನು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಕರೆಸಿ ಮಾತನಾಡಿಸಿತು. ಜೀವ ಕಳೆದುಕೊಂಡವರು 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಎಂದಿತು. ಮುಸ್ಲಿಮರನ್ನು ಕಾಪಾಡಿದ ಹಿಂದೂ ನೆರೆಹೊರೆಯವರನ್ನೂ ಆ ವರದಿ ಮರೆಯಲಿಲ್ಲ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಬೆಂಬಲಕ್ಕೆ ನಿಂತದ್ದನ್ನು ವಿಶೇಷವಾಗಿ ದಾಖಲಿಸಿತು.

ಆದರೆ ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. 2013ರ ವೇಳೆಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿತು. ಅಷ್ಟರಲ್ಲಿ ಮಾತನಾಡಿದ್ದವರಲ್ಲಿ ಹೆಚ್ಚಿನವರು ಮಣ್ಣು ಸೇರಿದ್ದರು. 2023ರಲ್ಲಿ ತೆಲುಗು ಕವಿ, ವಿದ್ವಾಂಸ ಅಫ್ಸರ್ ಮುಹಮ್ಮದ್ ಅವರು ಪೊಲೀಸ್ ಆಕ್ಷನ್ ಕಂಡವರ ಬಾಯಿಮಾತುಗಳನ್ನು ಆಧರಿಸಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಕನ್ನಡ, ದಖನಿ ಆಡುವ ನಮ್ಮ ಊರುಗಳ ಕೆಲಸ ನಮ್ಮ ಮೇಲೆಯೇ ಇದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತಕ್ಕೆ ಹತ್ತಿರವಾಗಿದ್ದಾರೆ.

ಬೈಲಕುಪ್ಪೆಯಿಂದ ಕಲಿಯುವುದು

ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. 1959ರ ಬಳಿಕ ಟಿಬೆಟ್ ತೊರೆದು ಬಂದವರಿಗೆ ನಮ್ಮ ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಮುಂದೆ ಮುಂಡಗೋಡದಲ್ಲೂ ಅವರ ವಸತಿ ಆಯಿತು. ಅಮೆರಿಕದ ಟಿಬೆಟ್ ಮೌಖಿಕ ಇತಿಹಾಸ ಯೋಜನೆಯವರು 2007ರಲ್ಲಿ ಬೈಲಕುಪ್ಪೆಗೆ, 2010ರಲ್ಲಿ ಮುಂಡಗೋಡಕ್ಕೆ ಬಂದು ಅಲ್ಲಿನ ಹಿರಿಯರನ್ನು ಮಾತನಾಡಿಸಿದರು. ಕೇಳುವವರ ಭಾಷೆ ಇಂಗ್ಲಿಷ್, ಹೇಳುವವರದು ಟಿಬೆಟನ್. ನಡುವೆ ದುಭಾಷಿ. ಹಿರಿಯರ ದನಿಯನ್ನೂ ಮುಖವನ್ನೂ ಕ್ಯಾಮರಾದಲ್ಲಿ ಹಿಡಿದಿಟ್ಟರು. ಪ್ರತಿ ಸಂದರ್ಶನದ ಲಿಖಿತ ಪ್ರತಿಯಲ್ಲಿ ಪ್ರಶ್ನೆ ಕೇಳಿದವರ ಹೆಸರಿನ ಜೊತೆಗೆ ದುಭಾಷಿಯ ಹೆಸರೂ ಇದೆ.

ದುಭಾಷಿಯ ಹೆಸರು ಏಕೆ? ಏಕೆಂದರೆ ಓದುವವರಿಗೆ ತಲುಪುವ ಮಾತು ಅವರ ನಾಲಿಗೆಯ ಮೇಲಿಂದ ಹಾದು ಬಂದದ್ದು. ಅದಕ್ಕೆ ಅವರೂ ಹೊಣೆಗಾರರು.

ಅಮಾನತ್

ಮದ್ರಸಾದಲ್ಲಿ ಓದಿದವರಿಗೆ ಇದು ಹೊಸ ಮಾತೇನಲ್ಲ. ಮಕ್ಕಾದ ಹಿಂಸೆ ತಾಳಲಾರದೆ ಅಬಿಸೀನಿಯಾಕ್ಕೆ ಹೋದ ವಿಶ್ವಾಸಿಗಳು ನಜ್ಜಾಶಿ ದೊರೆಯ ಮುಂದೆ ತಮ್ಮ ಕಥೆ ಹೇಳಿದ ಪ್ರಸಂಗ ನಿಮಗೆ ಗೊತ್ತು. ಆ ಪ್ರಸಂಗವನ್ನು ನಮಗೆ ತಲುಪಿಸಿದವರು ಆ ವಲಸೆಯಲ್ಲಿ ಸ್ವತಃ ಇದ್ದ ಉಮ್ಮು ಸಲಮಾ(ರ). ಊರು ಬಿಟ್ಟ ಒಬ್ಬ ಹೆಣ್ಣುಮಗಳ ನೆನಪು ಅದು! ಇಬ್ನು ಅಬ್ಬಾಸ್(ರ) ಮತ್ತು ಜನರ ನಡುವೆ ಅಬೂ ಜಮ್ರಾ ಎಂಬವರು ದುಭಾಷಿಯಾಗಿದ್ದುದನ್ನು ಬುಖಾರಿಯಲ್ಲಿ ಓದುತ್ತೇವೆ. ನ್ಯಾಯಾಧೀಶನ ಮುಂದೆ ಒಬ್ಬ ದುಭಾಷಿ ಸಾಕೇ, ಸಾಕ್ಷಿಗಳಂತೆ ಇಬ್ಬರು ಬೇಕೇ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಇನ್ನೊಬ್ಬರ ಮಾತನ್ನು ದಾಟಿಸುವುದು ಅವರಿಗೆ ಅಷ್ಟು ದೊಡ್ಡ ಅಮಾನತ್ ಆಗಿತ್ತು.

ನಾನಿಮಾರಿಂದ ಪಾಠ ಕಲಿತ ಮೇಲೆ ನಾನು ಪಾಲಿಸುವ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಪ್ಪಿಗೆ ಕೇಳಿ. ಏಕೆ ಕೇಳುತ್ತಿದ್ದೇವೆ, ಯಾರು ಕೇಳಿಸಿಕೊಳ್ಳುತ್ತಾರೆ ಎಂದು ತಿಳಿಸಿ. ಹೇಳಲು ಮನಸ್ಸಿಲ್ಲದ್ದನ್ನು ಹೇಳದಿರುವ ಹಕ್ಕು ಅವರಿಗಿದೆ. ಅವರು ಅತ್ತರೆ ಯಂತ್ರ ನಿಲ್ಲಿಸಿ, ನೀರು ಕೊಡಿ. ಇನ್ನೊಂದು ದಿನ ಬನ್ನಿ.

ಹೆಂಗಸರ ಮಾತಿಗೆ ಹೆಂಗಸೇ ದುಭಾಷಿಯಾಗಲಿ. ಮಗನೋ ಅಳಿಯನೋ ಬಾಗಿಲಲ್ಲಿ ನಿಂತಿದ್ದರೆ ಎಷ್ಟೋ ಮಾತುಗಳು ಗಂಟಲಲ್ಲೇ ಉಳಿಯುತ್ತವೆ.

ಎರಡು ಮೂರು ವಾಕ್ಯಕ್ಕೊಮ್ಮೆ ಅನುವಾದಿಸಿ. ಹತ್ತು ನಿಮಿಷದ ಮಾತನ್ನು ಒಟ್ಟಿಗೆ ಹೇಳಲು ಹೋದರೆ ನಮಗೆ ಇಷ್ಟವಾದದ್ದು ಮಾತ್ರ ನೆನಪಿರುತ್ತದೆ. ಅಜ್ಜಿ "ನಾನು ಓಡಿದೆ" ಎಂದರೆ "ನಾನು ಓಡಿದೆ" ಎಂದೇ ಹೇಳಿ. "ಅವರು ಓಡಿದರಂತೆ" ಎನ್ನಬೇಡಿ. ಆ "ಅಂತೆ" ಎಂಬಲ್ಲಿ ಸಂಶಯ ಸೇರಿಕೊಳ್ಳುತ್ತದೆ.

ಅವರ ಪದವನ್ನು ಬದಲಿಸಬೇಡಿ. ನಾನಿಮಾ ಆ ದಿನಗಳನ್ನು "ಗಡ್‌ಬಡ್" ಎನ್ನುತ್ತಿದ್ದರು. ನಾನು "ದಂಗೆ" ಎಂದೆ. ದಂಗೆ ಎಂದರೆ ಎರಡು ಕಡೆಯವರು ಹೊಡೆದಾಡಿದ್ದು. ಹೊಲದಲ್ಲಿ ಅಡಗಿದ್ದ ಹತ್ತು ವರ್ಷದ ಹುಡುಗಿ ಯಾರೊಡನೆ ಹೊಡೆದಾಡಿದ್ದಳು? ಸಮನಾದ ಪದ ಸಿಗದಿದ್ದರೆ ಅವರ ಪದವನ್ನೇ ಇಟ್ಟು ಅರ್ಥ ವಿವರಿಸಿ.

ಮೂಲ ದನಿಯನ್ನು ಎಂದೂ ಅಳಿಸಬೇಡಿ. ಅನುವಾದ ತಪ್ಪಾಗಿದ್ದರೆ ನಾಳೆ ಇನ್ನೊಬ್ಬರು ಕೇಳಿ ತಿದ್ದಬಹುದು. ಸಾಧ್ಯವಾದರೆ ಎರಡೂ ಭಾಷೆ ಬಲ್ಲ ಮತ್ತೊಬ್ಬರಿಗೆ ಕೇಳಿಸಿ. ದಿನಾಂಕ, ಊರು, ಹೇಳಿದವರು, ಕೇಳಿದವರು, ದುಭಾಷಿ, ಎಲ್ಲವನ್ನೂ ಬರೆದಿಡಿ. ತಪ್ಪು ಮಾಡಿದನೆಂದು ಹೇಳಲಾದ ವ್ಯಕ್ತಿಯ ಹೆಸರನ್ನು ಮಾತ್ರ ಊರಲ್ಲಿ ಹರಡಬೇಡಿ. ಅವನ ಮೊಮ್ಮಕ್ಕಳು ನಮ್ಮ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಿರಬಹುದು.

ಕೊನೆಯದು ಎಲ್ಲಕ್ಕಿಂತ ಕಠಿಣ. ನಮ್ಮವರಿಗೆ ನಾಚಿಕೆ ತರುವ ಮಾತನ್ನೂ ಅನುವಾದಿಸಿ. ನಮ್ಮ ನೋವನ್ನು ಜಗತ್ತು ನಂಬಬೇಕು ಎಂದು ಬಯಸುವ ನಾವು ಪಕ್ಕದ ಓಣಿಯವರ ನೋವನ್ನು ನುಂಗಿಕೊಂಡರೆ ನಮ್ಮ ಮಾತಿಗೆ ಯಾವ ಬೆಲೆ?

ಇದು ನಮ್ಮ ಮನೆಯ ಹಿರಿಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಅಲ್ಲಿನ ಅಜ್ಜಿಗೂ ಒಂದು ರಾತ್ರಿಯ, ಒಂದು ನದಿಯ ನೆನಪಿರಬಹುದು. ಕನ್ನಡ ಶಾಲೆಯಲ್ಲಿ ಓದಿದ ಅವರ ಮೊಮ್ಮಗಳು ನಡುವೆ ಕುಳಿತರೆ ನಾವೂ ಕೇಳಬಹುದು.

ನಾನಿಮಾ ಈಗ ಇಲ್ಲ. ಅವರ ದನಿ ಇದೆ. ಅದರಲ್ಲಿ ನನ್ನ ದನಿಯೂ ಇದೆ. ನಾನು ಮಾತು ಬಿಟ್ಟದ್ದು, ಅವರು ತಿದ್ದಿದ್ದು, ಎರಡೂ ಹಾಗೆಯೇ ಉಳಿದಿವೆ. ಅಳಿಸಿಬಿಡೋಣವೇ ಎಂದು ಆ ಹುಡುಗಿ ಕೇಳಿದ್ದಳು. ಬೇಡ ಎಂದೆ.

ನಾನಿಮಾಗೆ ಕನ್ನಡ ಬರುತ್ತಿದ್ದುದರಿಂದ ಆ ದಿನ ನನ್ನ ತಪ್ಪು ತಿದ್ದಲ್ಪಟ್ಟಿತು. ನಿಮ್ಮ ಅಜ್ಜಿಗೆ ನಿಮ್ಮ ಮಕ್ಕಳ ಭಾಷೆ ಬರದೇ ಇರಬಹುದು. ಹಾಗಾಗಿ ಅವರ ಮತ್ತು ಮಕ್ಕಳ ನಡುವೆ ಕುಳಿತುಕೊಳ್ಳಬೇಕಾದವರು ನೀವು. ಇಂದು ಅಸರ್ ನಮಾಝ್ ಮುಗಿದ ಮೇಲೆ ಮೊಬೈಲ್ ಫೋನನ್ನು ಅವರ ಪಕ್ಕದಲ್ಲಿಡಿ. ಚಹಾ ಕೊಡಿ. "ಆ ರಾತ್ರಿ ಮೊದಲು ಯಾರು ಎಬ್ಬಿಸಿದರು?" ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.