ಇಂಗ್ಲಿಷ್ ಶಬ್ದಗಳಲ್ಲಿ ಪ್ರಕ್ಷಿಪ್ತಾಕ್ಷರಗಳು

ಇಂಗ್ಲಿಷ್ ಭಾಷೆಯಲ್ಲಿ ಬರೆಹಕ್ಕೆ ಬಂದು ಉಚ್ಚಾರಕ್ಕೆ ಬಾರದ ಅಕ್ಷರಗಳು ಹೇರಳವಾಗಿರುವುದು ಎಲ್ಲರೂ ಬಲ್ಲ ಸಂಗತಿ. ನುಡಿದಂತೆ ಬರೆಯುವುದನ್ನು ರೂಢಿಸಿಕೊಂಡ ಕನ್ನಡ ವಿದ್ಯಾರ್ಥಿಗೆ ಇದೊಂದು ತೊಡಕು. ಸಾಲವೆಂಬ ಅರ್ಥದ 'ಡೆಟ್' ಶಬ್ದದಲ್ಲಿ ಬಿ ಅಕ್ಷರವನ್ನು ಬಿಟ್ಟು ಬರೆದವನ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಬೀಳುವುದು ನಿಶ್ಚಯ. ಆ ಅಕ್ಷರ ಅಲ್ಲೇಕಿದೆಯೆಂದು ಅವನು ಕೇಳಿದರೆ ದೊರೆಯುವ ಉತ್ತರಗಳು ಸಾಮಾನ್ಯವಾಗಿ ಎರಡು. ಕಾರಣವಿಲ್ಲ, ಬಾಯಿಪಾಠ ಮಾಡತಕ್ಕದ್ದು ಎಂಬುದು ಒಂದು. ಹಿಂದೊಮ್ಮೆ ಅದನ್ನು ಉಚ್ಚರಿಸುತ್ತಿದ್ದರು, ಉಚ್ಚಾರ ಸವೆದು ಅಕ್ಷರ ಮಾತ್ರ ಉಳಿದಿದೆ ಎಂಬುದು ಮತ್ತೊಂದು. ಮೊದಲನೆಯದು ಉತ್ತರವೇ ಅಲ್ಲ. ಎರಡನೆಯದು ಕೆಲವು ಶಬ್ದಗಳಿಗೆ ಸಲ್ಲುತ್ತದೆ, ಕೆಲವಕ್ಕೆ ಸಲ್ಲದು. ಮೂಕಾಕ್ಷರವೂ ಒಂದು ಸಾಕ್ಷಿಯೇ ಸರಿ. ಆದರೆ ಸಾಕ್ಷಿಗಳೆಲ್ಲವೂ ನಿಜವನ್ನೇ ನುಡಿಯುವುದಿಲ್ಲವೆಂಬುದು ಇತಿಹಾಸವನ್ನು ಓದುವವರಿಗೆ ಹೊಸ ಮಾತಲ್ಲ.

ನಂಬತಕ್ಕ ಸಾಕ್ಷಿಗಳನ್ನು ಮೊದಲು ನೋಡೋಣ. ಚಾಕುವೆಂಬ ಅರ್ಥದ 'ನೈಫ್', ಮಂಡಿಯೆಂಬ ಅರ್ಥದ 'ನೀ' ಇವುಗಳ ಆದಿಯಲ್ಲಿ ಬರೆಯುವ ಕೆ ಅಕ್ಷರವು ಪ್ರಾಚೀನ ಇಂಗ್ಲಿಷಿನಲ್ಲಿ ಉಚ್ಚಾರದಲ್ಲಿತ್ತು. ಮಂಡಿಗೆ ಜರ್ಮನರು ಇಂದಿಗೂ 'ಕ್ನೀ' ಎನ್ನುತ್ತಾರೆ. ರಾತ್ರಿಯೆಂಬ ಅರ್ಥದ 'ನೈಟ್' ಶಬ್ದದ ನಡುವಣ ಜಿ-ಎಚ್ ಜೋಡಿಯೂ ಹಾಗೆಯೇ. ಜರ್ಮನ್ ಭಾಷೆಯ 'ನಾಖ್ಟ್' ಎಂಬ ರೂಪದಲ್ಲಿ ಆ ಧ್ವನಿ ಇನ್ನೂ ಜೀವಂತವಾಗಿದೆ. ಕುರಿಮರಿಯೆಂಬ ಅರ್ಥದ 'ಲ್ಯಾಮ್' ಶಬ್ದದ ಕೊನೆಯ ಬಿ ಕೂಡ ಮೂಲದಿಂದ ಬಂದದ್ದೇ.

'ಡೆಟ್' ಶಬ್ದದ ಕಥೆ ಬೇರೆ. ಕ್ರಿ. ಶ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಶಬ್ದಗಳು ತಂಡೋಪತಂಡವಾಗಿ ಇಂಗ್ಲಿಷನ್ನು ಹೊಕ್ಕವು. ಈ ಶಬ್ದವೂ, ಸಂದೇಹವೆಂಬ ಅರ್ಥದ 'ಡೌಟ್' ಶಬ್ದವೂ ಆ ಮಾರ್ಗವಾಗಿ ಬಂದವು. ಲ್ಯಾಟಿನ್ ಮೂಲಗಳಾದ 'ಡೆಬಿಟುಮ್', 'ಡುಬಿಟಾರೆ'ಗಳಲ್ಲಿದ್ದ ಬಕಾರವು ಫ್ರೆಂಚರ ಬಾಯಲ್ಲಿ ಆಗಲೇ ಕರಗಿಹೋಗಿತ್ತು. ಮಧ್ಯಕಾಲದ ಇಂಗ್ಲಿಷ್ ಲೇಖಕರು ಇವನ್ನು ಸಾಮಾನ್ಯವಾಗಿ ಬಿ ಇಲ್ಲದೆಯೇ ಬರೆದರು. ಅದು ಅವರು ನುಡಿದಂತೆಯೇ ಇದ್ದ ಬರೆಹ. ಬಳಿಕ 15 ಮತ್ತು 16ನೆಯ ಶತಮಾನಗಳಲ್ಲಿ, ಲ್ಯಾಟಿನ್ ವಿದ್ಯೆಗೆ ಹೊಸ ಗೌರವ ಬಂದ ಕಾಲದಲ್ಲಿ, ಪಂಡಿತರು ಈ ಶಬ್ದಗಳ ವಂಶಮೂಲವನ್ನು ಕಣ್ಣಿಗೆ ಕಾಣಿಸಬೇಕೆಂದು ಬಿ ಅಕ್ಷರವನ್ನು ಮತ್ತೆ ಸೇರಿಸಿದರು. ಫ್ರೆಂಚ್ ಲೇಖಕರೂ ಕೆಲಕಾಲ ಹೀಗೆಯೇ ಮಾಡಿ ಅನಂತರ ಕೈಬಿಟ್ಟರು. ಇಂಗ್ಲೆಂಡಿನಲ್ಲಿ ಮಾತ್ರ, ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಮೊದಲಾದ ಅಚ್ಚಿನ ಪದ್ಧತಿಯು ಕ್ರಮೇಣ ಬರೆಹವನ್ನು ಬಿಗಿಗೊಳಿಸುತ್ತ ಬಂದುದರಿಂದ, ಸೇರಿಸಿದ ಅಕ್ಷರ ಸೇರಿದಂತೆಯೇ ನಿಂತಿತು. ಸೂಕ್ಷ್ಮವೆಂಬ ಅರ್ಥದ 'ಸಟ್‌ಲ್' ಶಬ್ದದ ಬಿ, ಆರೋಪ ಹೊರಿಸು ಎಂಬ ಅರ್ಥದ 'ಇಂಡೈಟ್' ಶಬ್ದದ ಸಿ ಇದೇ ಜಾತಿಯವು.

ಈ ಪಂಡಿತಮೋಹವನ್ನು ಆ ಕಾಲದವರೇ ನಕ್ಕು ನೋಡಿದುದುಂಟು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಹಾಲೊಫರ್ನೀಸ್ ಎಂಬ ಉಪಾಧ್ಯಾಯನಿದ್ದಾನೆ. 'ಡೆಟ್', 'ಡೌಟ್'ಗಳಲ್ಲಿ ಬಕಾರವನ್ನು ಉಚ್ಚರಿಸದವರ ಮೇಲೆ ಅವನಿಗೆ ಎಲ್ಲಿಲ್ಲದ ಕೋಪ. ಜನರು ಬರೆಹದಲ್ಲಿ ಅವನ ಪಕ್ಷವನ್ನು ಹಿಡಿದು, ಮಾತಿನಲ್ಲಿ ತಮ್ಮ ದಾರಿಯನ್ನೇ ಹಿಡಿದರು.

ತಿದ್ದುಪಡಿಯಲ್ಲಿ ಸಮತೆಯಾದರೂ ಇತ್ತೆ? ಅದೂ ಇಲ್ಲ. ಹಣ ಸಂದುದಕ್ಕೆ ಕೊಡುವ ಚೀಟಿಯಾದ 'ರಿಸೀಟ್' ಶಬ್ದಕ್ಕೆ ಲ್ಯಾಟಿನ್ನಿನ ನೆನಪಿಗಾಗಿ ಪಿ ದೊರೆಯಿತು. ಅದೇ ಧಾತುವಿನ ಕುಟುಂಬಕ್ಕೆ ಸೇರಿದ, ವಂಚನೆಯೆಂಬ ಅರ್ಥದ 'ಡಿಸೀಟ್' ಶಬ್ದಕ್ಕೆ ದೊರೆಯಲಿಲ್ಲ. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನ ಪೀಠಿಕೆಯಲ್ಲಿ ಈ ಜೋಡಿಯನ್ನು ಹೆಸರಿಸಿದ್ದಾನೆ. ಆದರೂ ಬಹುಜನರ ರೂಢಿಗೆ ತಲೆಬಾಗಿ ಎರಡನ್ನೂ ಇದ್ದಂತೆಯೇ ಉಳಿಸಿದನು. ಪ್ರಸಂಗವಶಾತ್ ಹೇಳಬೇಕಾದುದೊಂದುಂಟು: ನಮ್ಮ 'ರಸೀದಿ'ಯನ್ನು 'ರಿಸೀಟ್' ಶಬ್ದದ ತದ್ಭವವೆಂದು ಭಾವಿಸಲು ಮನಸ್ಸು ಎಳೆಯುತ್ತದೆ. ಧ್ವನಿಯೂ ಒಂದೇ ತೆರನು, ಅರ್ಥವೂ ಒಂದೇ. ಆದರೆ ಅದು ಪಾರಸಿಯ ಶಬ್ದ. ತಲಪು ಎಂಬ ಅರ್ಥದ 'ರಸೀದನ್' ಎಂಬುದರಿಂದ ಹುಟ್ಟಿದ್ದು.

ಇಂತಹ ಸಾಮ್ಯಕ್ಕೆ ಇಂಗ್ಲಿಷ್ ಪಂಡಿತರೇ ಮರುಳಾದ ಉದಾಹರಣೆಯೆಂದರೆ ದ್ವೀಪವೆಂಬ ಅರ್ಥದ 'ಐಲೆಂಡ್'. 'ಡೆಟ್' ಶಬ್ದದ ಬಿ ಪ್ರಕ್ಷಿಪ್ತವಾದರೂ ಅದರ ಹಿಂದಿನ ವಂಶಾವಳಿ ಸತ್ಯ. 'ಐಲೆಂಡ್' ಶಬ್ದದ ಎಸ್ ಅಕ್ಷರಕ್ಕೆ ವಂಶಾವಳಿಯೇ ಇಲ್ಲ. ಇದು ಅಚ್ಚ ಇಂಗ್ಲಿಷ್ ಶಬ್ದ: ದ್ವೀಪವೆಂದೇ ಅರ್ಥವಿದ್ದ 'ಈಗ್', ನೆಲವೆಂಬ ಅರ್ಥದ 'ಲಂಡ್' ಎರಡೂ ಕೂಡಿ ಆದ ಸಮಾಸ. ಅದರಲ್ಲಿ ಸಕಾರದ ಸುಳಿವೂ ಇರಲಿಲ್ಲ. ಫ್ರೆಂಚ್ ಮಾರ್ಗವಾಗಿ ಲ್ಯಾಟಿನ್ನಿನ 'ಇನ್ಸುಲ'ದಿಂದ ಬಂದ 'ಐಲ್' ಎಂಬ ಶಬ್ದವನ್ನು ಎಸ್ ಸಹಿತವಾಗಿ ಬರೆಯುತ್ತಿದ್ದರು. ಎರಡಕ್ಕೂ ನಂಟಿದೆಯೆಂದು ಬಗೆದು ಇದಕ್ಕೂ ಎಸ್ ತೊಡಿಸಿದರು. ವಿನೋದವೆಂದರೆ, ಫ್ರೆಂಚ್ ಅಕಾಡೆಮಿಯು 1740ರ ನಿಘಂಟಿನಲ್ಲಿ ಇಂತಹ ಮೂಕ ಎಸ್‌ಗಳನ್ನು ಕಿತ್ತು ಸ್ವರದ ಮೇಲೊಂದು ಚಿಹ್ನೆಯನ್ನಿಟ್ಟಿತು. ಸಾಲ ಕೊಟ್ಟವರು ಬಿಟ್ಟದ್ದನ್ನು ಸಾಲ ತಂದವರು ಇಂದಿಗೂ ಕಾಪಾಡುತ್ತಿದ್ದಾರೆ. ಗಂಗರ ಹಲವು ತಾಮ್ರಶಾಸನಗಳನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ಪರಿಗಣಿಸಿದುದನ್ನೂ, ರೈಸ್ ಅವರು ಅದನ್ನು ಒಪ್ಪದೆ ವಾದಿಸಿದುದನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ, ಕೃತಕ ವಂಶಾವಳಿಯ ಪರೀಕ್ಷೆ ಹೇಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಹಳೆಯ ಪ್ರತಿಗಳ ರೂಪ, ಸೋದರಭಾಷೆಗಳ ರೂಪ, ಮೂಲಭಾಷೆಯ ರೂಪ ಈ ಮೂರನ್ನೂ ಎದುರುಬದುರಾಗಿಟ್ಟು ನೋಡತಕ್ಕದ್ದು.

ಪಾಂಡಿತ್ಯದ ಸೋಂಕಿಲ್ಲದೆ ಬರಿಯ ಸಾದೃಶ್ಯದಿಂದ ಬಂದ ಅಕ್ಷರಗಳೂ ಉಂಟು. 'ವುಡ್', 'ಶುಡ್'ಗಳಲ್ಲಿ ಎಲ್ ಮೂಲದ್ದು. ಶಕ್ತವಾಗಿತ್ತೆಂಬ ಅರ್ಥದ 'ಕುಡ್' ಶಬ್ದಕ್ಕೆ ಅದು ನೆರೆಮನೆಯಿಂದ ಬಂತು. ಆನಂದವೆಂಬ ಅರ್ಥದ 'ಡಿಲೈಟ್', ಬೆಳಕೆಂಬ ಅರ್ಥದ 'ಲೈಟ್' ಶಬ್ದವನ್ನು ನೋಡಿ ಜಿ-ಎಚ್ ಪಡೆಯಿತು. ಹೆಬ್ಬೆರಳೆಂಬ ಅರ್ಥದ 'ಥಮ್' ಶಬ್ದದ ಬಿ ಪ್ರಾಚೀನ ಇಂಗ್ಲಿಷಿನಲ್ಲಿರಲಿಲ್ಲ. ಮೇಲೆ ಹೇಳಿದ ಕುರಿಮರಿಯ ಬಿ ಅಕ್ಷರಕ್ಕೂ ಇದಕ್ಕೂ ನೋಟದಲ್ಲಿ ಮಾತ್ರ ಸಾಮ್ಯ.

ಇವೆಲ್ಲಕ್ಕಿಂತಲೂ ವಿಚಾರಾರ್ಹವಾದವು ಮೂಕವಾಗಿ ಬಂದು ಅನಂತರ ಬಾಯಿ ಪಡೆದ ಅಕ್ಷರಗಳು. ದೋಷವೆಂಬ ಅರ್ಥದ 'ಫಾಲ್ಟ್' ಶಬ್ದವು ಫ್ರೆಂಚಿನಿಂದ ಬಂದಾಗ 'ಫೌಟೆ' ಎಂದಿತ್ತು. ಲ್ಯಾಟಿನ್ ಮೂಲವನ್ನು ನೆನೆದು ಎಲ್ ಸೇರಿಸಿದರು. ಆ ಅಕ್ಷರವನ್ನು ಕೆಲವರು ಉಚ್ಚರಿಸುವರು, ಕೆಲವರು ಬಿಡುವರು, ಸಂಭಾಷಣೆಯಲ್ಲಿ ಅದು ಸಾಮಾನ್ಯವಾಗಿ ಲೋಪವಾಗುವುದು ಎಂದು ಜಾನ್ಸನ್ ತನ್ನ ನಿಘಂಟಿನಲ್ಲಿ ಗುರುತಿಸಿದ್ದಾನೆ. ಇಂದು ಅದನ್ನು ಬಿಟ್ಟು ನುಡಿಯುವವರನ್ನು ಇಂಗ್ಲೆಂಡಿನ ಶಿಷ್ಟಸಮಾಜದಲ್ಲಿ ಕಾಣೆವು. ಪರಿಪೂರ್ಣವೆಂಬ ಅರ್ಥದ 'ಪರ್ಫೆಕ್ಟ್' ಶಬ್ದಕ್ಕೆ, ಮೊದಲು 'ಪಾರ್ಫಿಟ್' ಎಂದಿದ್ದುದಕ್ಕೆ, ಸಿ ದೊರೆತುದೂ ಹೀಗೆಯೇ. ಹಾಲೊಫರ್ನೀಸನು 'ಡೆಟ್' ಶಬ್ದದಲ್ಲಿ ಸಾಧಿಸಲಾರದೆ ಹೋದುದನ್ನು ಈ ಎರಡು ಶಬ್ದಗಳಲ್ಲಿ ಅಚ್ಚಿನ ಮೊಳೆಗಳು ಸಾಧಿಸಿಕೊಟ್ಟವು.