ಶಾಲೆಯ ಸುದ್ದಿ ಮನೆಗೆ, ಮನೆಯ ಸುದ್ದಿ ಶಾಲೆಗೆ

ಸರ್ಕಾರಿ ಕನ್ನಡ ಶಾಲೆಯಲ್ಲಿ ದಿನ ಶುರುವಾಗುವುದು ಅಡುಗೆಕೋಣೆಯಿಂದ. ತರಗತಿಗಳ ಬೀಗ ತೆಗೆಯುವ ಹೊತ್ತಿಗೆ ಅಲ್ಲಿ ಒಲೆ ಹತ್ತಿರುತ್ತದೆ, ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿರುತ್ತದೆ, ಹಾಲಿನ ಪುಡಿಯ ಪೊಟ್ಟಣ ಕತ್ತರಿಸಿ ಅಳತೆ ನಡೆದಿರುತ್ತದೆ. ಮಗುವೊಂದಕ್ಕೆ 18 ಗ್ರಾಂ ಪುಡಿ, ಅದರಿಂದ 150 ಮಿಲಿಲೀಟರ್ ಹಾಲು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಬಂದಾಗ ಇದು ವಾರಕ್ಕೆ ಮೂರು ದಿನವಿತ್ತು, ಆಮೇಲೆ ಐದು ದಿನವಾಯಿತು. 2024ರಿಂದ ವಾರದಲ್ಲಿ ಮೂರು ದಿನ ಹಾಲಿನ ಜೊತೆಗೆ ರಾಗಿ ಮಾಲ್ಟ್ ಕೂಡ ಉಂಟು. ಪ್ರಾರ್ಥನೆಗೆ ಇನ್ನೂ ಹೊತ್ತಿರುವಾಗಲೇ ಲೋಟ ಹಿಡಿದು ಅಡುಗೆಕೋಣೆಯ ಬಾಗಿಲಲ್ಲಿ ಸುಳಿದಾಡುವ ಒಂದಿಬ್ಬರು ಮಕ್ಕಳು ಎಲ್ಲ ಶಾಲೆಯಲ್ಲೂ ಇರುತ್ತಾರೆ. ಅವರ ಮನೆಯಲ್ಲಿ ಇವತ್ತು ಒಲೆ ಹತ್ತಲಿಲ್ಲವೋ, ಅವ್ವ ನಸುಕಿನಲ್ಲೇ ಕೂಲಿಗೆ ಹೋದಳೋ ಎಂಬುದು ಹೆಡ್‌ಮಾಸ್ಟರಿಗಿಂತ ಮೊದಲು ಅಡುಗೆಯಮ್ಮನಿಗೆ ಗೊತ್ತಾಗುತ್ತದೆ. ಆಕೆ ಅದೇ ಊರಿನವಳು, ಎಷ್ಟೋ ಕಡೆ ಅದೇ ಶಾಲೆಯ ಮಗುವಿನ ತಾಯಿ.

ಪ್ರಾಥಮಿಕ ಶಾಲೆ ಎಂದೊಡನೆ ನಾವು ಪಠ್ಯ, ಪರೀಕ್ಷೆ, ಕಟ್ಟಡ, ಶಿಕ್ಷಕರ ಕೊರತೆ ಎಂದು ಮಾತು ಶುರುಮಾಡುತ್ತೇವೆ. ಅದೆಲ್ಲ ಮುಖ್ಯವೇ. ಆದರೆ ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಾಗಲಿ, ಏಳು ಅಥವಾ ಎಂಟರವರೆಗಿನ ಹಿರಿಯ ಪ್ರಾಥಮಿಕ ಶಾಲೆಯಾಗಲಿ, ಅದನ್ನು ಜೀವಂತವಾಗಿಡುವುದು ಮನೆಗೂ ಶಾಲೆಗೂ ನಡುವೆ ದಿನಾ ನಡೆಯುವ ಸುದ್ದಿಯ ಓಡಾಟ. ಈ ಓಡಾಟ ನಿಂತ ಶಾಲೆಯಲ್ಲಿ ಹೊಸ ಕೊಠಡಿ, ಸ್ಮಾರ್ಟ್ ಬೋರ್ಡು ಎಲ್ಲ ಇದ್ದರೂ ಮಕ್ಕಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ.

ಬಹುತೇಕ ಶಾಲೆಗಳು ಹತ್ತು ಗಂಟೆಯ ಸುಮಾರಿಗೆ ಶುರುವಾಗಿ ನಾಲ್ಕು ದಾಟಿದ ಮೇಲೆ ಬಿಡುತ್ತವೆ. ಶನಿವಾರ ಬೆಳಗಿನ ಶಾಲೆ. ಮೊದಲ ಗಂಟೆ ಪ್ರಾರ್ಥನೆಯದು. ನಾಡಗೀತೆ ಈಗ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಯಬೇಕೆಂಬುದು 2022ರ ಸರ್ಕಾರಿ ಆದೇಶ. 2023ರಿಂದ ಸಂವಿಧಾನದ ಪೀಠಿಕೆಯನ್ನೂ ಮಕ್ಕಳು ಓದುತ್ತಾರೆ. ಒಂದನೇ ತರಗತಿಯ ಮಗು ‘ಸಾರ್ವಭೌಮ’ ಎಂಬಲ್ಲಿ ಎಡವಿ, ಪಕ್ಕದ ಅಕ್ಕನ ಬಾಯಿ ನೋಡಿ ಸರಿಮಾಡಿಕೊಳ್ಳುವುದನ್ನು ಕೇಳುತ್ತ ನಿಂತರೆ ಮನಸ್ಸು ತುಂಬಿ ಬರುತ್ತದೆ. ಆಮೇಲೆ ದಿನದ ಪಂಚಾಂಗ, ಗಾದೆ, ಒಗಟು, ಕೊನೆಗೆ ವಾರ್ತೆ.

ವಾರ್ತೆಯ ಸರದಿಯನ್ನು ನಾನು ಬಹಳ ಇಷ್ಟಪಡುತ್ತೇನೆ. ಸಾಮಾನ್ಯವಾಗಿ ಆರು-ಏಳನೇ ತರಗತಿಯ ಮಗುವೊಂದು ಪತ್ರಿಕೆಯ ನಾಲ್ಕು ತಲೆಬರಹಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ಓದುತ್ತದೆ. ಅಷ್ಟಾದರೂ ಒಳ್ಳೆಯದೇ, ಓದುವ ಧೈರ್ಯ ಬರುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋಗುವ ಟೀಚರುಗಳಿದ್ದಾರೆ. ದೇಶದ್ದೊಂದು, ರಾಜ್ಯದ್ದೊಂದು ಆದ ಮೇಲೆ ‘ನಮ್ಮೂರದ್ದೊಂದು’ ಎಂದು ಅವರು ಕೇಳುತ್ತಾರೆ. ಆಗ ಮಗು ಪತ್ರಿಕೆ ಬಿಟ್ಟು ಬೀದಿಯತ್ತ ತಿರುಗಬೇಕಾಗುತ್ತದೆ. ಬೋರ್‌ವೆಲ್ಲಿನ ಮೋಟಾರು ಸುಟ್ಟಿದ್ದು, ಕೆರೆ ಕೋಡಿ ಹರಿದದ್ದು, ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ, ಯಾರದೋ ಎಮ್ಮೆ ಕರು ಹಾಕಿದ್ದು, ಎಲ್ಲವೂ ಪ್ರಾರ್ಥನೆಯ ಸಾಲಿಗೆ ಬರುತ್ತವೆ. ಆ ಕರುವಿನ ಮನೆಯ ಹುಡುಗ ಹಿಂದಿನ ಸಾಲಿನಲ್ಲಿ ನಿಂತು ಹಿಗ್ಗುತ್ತಾನೆ. ಮೈಕಿಲ್ಲದ ಅಂಗಳದಲ್ಲಿ ನೂರು ಜನರಿಗೆ ಕೇಳುವಂತೆ ಸ್ವಂತ ವಾಕ್ಯವೊಂದನ್ನು ಹೇಳಲು ಕಲಿತ ಮಗುವಿಗೆ ಮುಂದೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು ಹೊಸದೆನಿಸುವುದಿಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯೂ ನಮ್ಮ ರಾಜ್ಯದಲ್ಲಿದೆ. ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ದಾರಿಯಲ್ಲಿ ಸಾರಾಯಿ ಮಾರುತ್ತಾರೆ ಎಂಬ ಮಾತುಗಳನ್ನು ಅಲ್ಲಿ ಮಕ್ಕಳೇ ಆಡುತ್ತಾರೆ.

ಪ್ರಾರ್ಥನೆ ಮುಗಿಸಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಹೊಗುವುದು ನಲಿ-ಕಲಿ ಕೊಠಡಿಗೆ. ಮೊದಲ ಸಲ ನೋಡುವ ಪೋಷಕರಿಗೆ ಅಲ್ಲಿ ಪಾಠ ನಡೆಯುತ್ತಿದೆ ಎಂದೇ ಅನಿಸುವುದಿಲ್ಲ. ಬೆಂಚಿಲ್ಲ, ಸಾಲಿಲ್ಲ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ದುಂಡಗೆ ಕೂತಿರುತ್ತಾರೆ, ತಲೆಯ ಮೇಲೆ ಹಗ್ಗ ಕಟ್ಟಿದ ಚಪ್ಪರದಿಂದ ಅವರೇ ಬರೆದ ಚಿತ್ರಗಳು ತೂಗುತ್ತಿರುತ್ತವೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಹಾಗೆ ಕಪ್ಪುಹಲಗೆ ಬಳಿದಿರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಈ ಕಲಿಕಾ ಕ್ರಮ ಮೊದಲಾಯಿತು. ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆದಿದ್ದ ಕೆಲಸವನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕೂತು ಕನ್ನಡದ ಕಾರ್ಡುಗಳನ್ನು ಬರೆದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಇದರ ತಿರುಳು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿದೆ. ಏಣಿಯಲ್ಲಿ ಮೈಲಿಗಲ್ಲುಗಳು, ಪ್ರತಿ ಮೈಲಿಗಲ್ಲಿನಲ್ಲಿ ಒಂದಷ್ಟು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತುಳ್ಳ ಕಾರ್ಡು. ಅಕ್ಷರ ಬಾರದ ಮಗು ಕೂಡ ಗುರುತು ನೋಡಿ ತಾನು ಎಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು, ಯಾವ ‘ತಟ್ಟೆ’ಯಲ್ಲಿ, ಅಂದರೆ ಯಾವ ಕಲಿಕಾ ಗುಂಪಿನಲ್ಲಿ, ಕೂರಬೇಕು ಎಂದು ತಾನೇ ತಿಳಿದುಕೊಳ್ಳುತ್ತದೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರೆಬರೆ, ಮತ್ತೊಂದರಲ್ಲಿ ಸಹಪಾಠಿಯೇ ಹೇಳಿಕೊಡುತ್ತಾನೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಮರಳಿ ಬಂದರೆ ಪಾಠ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಎಲ್ಲಿ ಬಿಟ್ಟಿತ್ತೋ ಆ ಕಾರ್ಡೇ ಕಾದಿರುತ್ತದೆ. ಹಬ್ಬ, ಜಾತ್ರೆ, ಸುಗ್ಗಿ, ತಂಗಿಯನ್ನು ನೋಡಿಕೊಳ್ಳುವ ಹೊಣೆ ಎಂದು ಮೇಲಿಂದ ಮೇಲೆ ಗೈರಾಗುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ. ಕೊಠಡಿಯ ಹವಾಮಾನ ಪಟದಲ್ಲಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳೇ ಗುರುತಿಸುತ್ತಾರೆ. ಹೊಲದವರ ಮನೆಯ ಮಗುವಿಗೆ ಅದು ಆಟದಷ್ಟೇ ಗಂಭೀರ.

ಆದರೆ ಈ ಕ್ರಮ ಮನೆಗಳಿಗೆ ಸರಿಯಾಗಿ ತಲುಪಲೇ ಇಲ್ಲ. ಸಂಜೆ ತಂದೆ ಕೇಳುವುದು ‘ಹೋಂವರ್ಕ್ ಏನು ಕೊಟ್ಟಿದ್ದಾರೆ?’ ಎಂದು. ಮಗು ‘ಆನೆ ಕಾರ್ಡು ಮುಗಿಸಿದೆ’ ಎಂದರೆ ಅದು ಉತ್ತರವಾಗಿ ಅವರಿಗೆ ಕಾಣುವುದಿಲ್ಲ. ಕಾನ್ವೆಂಟಿಗೆ ಹೋಗುವ ಪಕ್ಕದ ಮನೆಯ ಹುಡುಗ ನಾಲ್ಕು ಪುಟ ಕಾಪಿ ಬರೆಯುತ್ತಿರುವಾಗ ತಮ್ಮ ಮಗು ಸುಮ್ಮನೆ ಆಡುತ್ತಿದೆ ಎನಿಸುತ್ತದೆ. ಎಷ್ಟೋ ಮಕ್ಕಳು ಶಾಲೆ ಬದಲಿಸಿದ್ದು ಈ ಕಾರಣಕ್ಕೆ. ಜೂನ್ ತಿಂಗಳಲ್ಲೇ ಪೋಷಕರನ್ನು ಕರೆದು ನೆಲದ ಮೇಲೆ ಮಕ್ಕಳ ಪಕ್ಕದಲ್ಲಿ ಒಂದು ಗಂಟೆ ಕೂರಿಸಿ ಏಣಿಯನ್ನು ತೋರಿಸುವ ಶಾಲೆಗಳಲ್ಲಿ ಈ ಅನುಮಾನ ಉಳಿಯುವುದಿಲ್ಲ. ನಿಮ್ಮ ಮಗು ನಲಿ-ಕಲಿಯಲ್ಲಿದ್ದರೆ ಶಾಲೆಗೆ ಹೋಗಿ ‘ಪ್ರಗತಿ ನೋಟ’ ತೋರಿಸಿ ಎಂದು ಕೇಳಿ. ಯಾವ ಮಗು ಯಾವ ಮೈಲಿಗಲ್ಲು ದಾಟಿದೆ ಎಂಬುದು ಅದರಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

ಮಧ್ಯಾಹ್ನದ ಬಿಸಿಯೂಟಕ್ಕೆ ಬರೋಣ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಮರುವರ್ಷ, 2002ರ ಜೂನಿನಲ್ಲಿ, ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರಿಗೆ 150 ಗ್ರಾಂ. ಬೇಳೆ, ತರಕಾರಿ, ಎಣ್ಣೆಗೂ ಹೀಗೆಯೇ ಲೆಕ್ಕವಿದೆ. ಮೊಟ್ಟೆಯನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನಕ್ಕೆ ವಿಸ್ತರಿಸಲಾಯಿತು. ಒಲ್ಲದವರಿಗೆ ಬಾಳೆಹಣ್ಣು. ಬಡಿಸುವ ಮುಂಚೆ ಶಿಕ್ಷಕರೊಬ್ಬರು ಉಂಡು ನೋಡಬೇಕು, ಪೋಷಕರೂ ಬಂದು ರುಚಿ ನೋಡಬಹುದು. ಈ ಹಕ್ಕನ್ನು ಬಳಸುವ ತಾಯಂದಿರು ಕಡಿಮೆ. ವಾರಕ್ಕೊಬ್ಬರು ಸರದಿಯಲ್ಲಿ ಬಂದು ಒಂದು ತುತ್ತು ಉಂಡು ಹೋದರೂ ಸಾರಿನಲ್ಲಿ ಬೇಳೆಯ ಪ್ರಮಾಣ ತಾನಾಗಿ ಸರಿಹೋಗುತ್ತದೆ.

ಈ ಪಂಕ್ತಿಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಊರಿನಲ್ಲಿ ಬೇರೆ ಬೇರೆ ಬಾವಿಯ ನೀರು ಕುಡಿದು ಬೆಳೆದ ಮನೆತನಗಳ ಮಕ್ಕಳು ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ದಲಿತ ಮಹಿಳೆ ಅಡುಗೆಗೆ ಬಂದಳೆಂದು ಮಕ್ಕಳನ್ನು ಊಟದಿಂದ ಬಿಡಿಸಿದ ಊರುಗಳೂ ನಮ್ಮ ನಾಡಿನಲ್ಲಿವೆ, ಅದು ಮುಚ್ಚಿಡುವ ಮಾತಲ್ಲ. ಅಂಥ ಕಡೆ ಹೆಡ್‌ಮಾಸ್ಟರು ಮೊದಲ ತಟ್ಟೆ ಹಿಡಿದು ಮಕ್ಕಳ ಜೊತೆ ಕೂತು ಉಂಡರೆ, ಶಾಲೆಯ ಸಮಿತಿಯವರೂ ಕೂತರೆ, ಅದು ಯಾವ ಪಾಠಕ್ಕೂ ಕಡಿಮೆಯದಲ್ಲ. ಆ ಸುದ್ದಿ ಅದೇ ಸಂಜೆ ಪ್ರತಿ ಮನೆಗೂ ಹೋಗುತ್ತದೆ.

ಸುದ್ದಿ ಹೋಗುವ ದಾರಿ ಈಚೆಗೆ ಬದಲಾಗಿದೆ. ನಾಳೆ ರಜೆ, ಸಮವಸ್ತ್ರದ ಅಳತೆ, ಜಂತುಹುಳದ ಮಾತ್ರೆ, ಪ್ರತಿಭಾ ಕಾರಂಜಿಯ ದಿನ ಇವನ್ನೆಲ್ಲ ಮೊದಲು ಮಗು ಬಾಯಲ್ಲಿ ಹೊತ್ತು ತರುತ್ತಿತ್ತು. ಈಗ ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪಿದೆ. ಅನುಕೂಲವೇ ಸರಿ. ಆದರೆ ಹಳ್ಳಿಯಲ್ಲಿ ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಹೊಲದಲ್ಲೋ ಲಾರಿಯಲ್ಲೋ ಇರುತ್ತಾನೆ, ಮಗುವನ್ನು ಸಿದ್ಧ ಮಾಡುವ ತಾಯಿಗೆ ಸುದ್ದಿ ಮುಟ್ಟುವುದೇ ಇಲ್ಲ. ಮೂರನೇ ತರಗತಿಯ ಮೇಲಿನ ಮಕ್ಕಳು ಸೂಚನೆಯನ್ನು ತಾವೇ ಬರೆದುಕೊಂಡು ಹೋಗಿ ಮನೆಯಲ್ಲಿ ಓದಿ ಹೇಳಬೇಕು ಎಂದು ಪಟ್ಟು ಹಿಡಿಯುವ ಶಿಕ್ಷಕರ ಪಕ್ಷ ನನ್ನದು. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುವ ಆ ಎರಡು ಸಾಲೇ ಅವಳ ದಿನದ ಅತ್ಯಂತ ಉಪಯುಕ್ತ ಕನ್ನಡ ಪಾಠ.

ಪೋಷಕರಿಗೆ ಶಾಲೆಯಲ್ಲಿ ಅಧಿಕೃತ ಕುರ್ಚಿ ಸಿಕ್ಕಿದ್ದು 2001ರಲ್ಲಿ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಆ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರ ಪ್ರತಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಲು ಆದೇಶ ಹೊರಡಿಸಿತು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳಿತು. ಕಾಗದದಲ್ಲಿ ಇಷ್ಟು ಬಲವಿರುವ ಸಮಿತಿ ಎಷ್ಟೋ ಊರಲ್ಲಿ ಆಗಸ್ಟ್ 15ರ ಧ್ವಜಕ್ಕೂ ಸಿಹಿಗೂ ಸೀಮಿತವಾಗಿರುವುದು ನೋವಿನ ವಿಷಯ. ಕಾರಣ ಹುಡುಕಿದರೆ ಕೆಲವೊಮ್ಮೆ ಬಹಳ ಸಣ್ಣದು: ಸಭೆಯ ಹೊತ್ತು. ಮಧ್ಯಾಹ್ನ ಮೂರಕ್ಕೆ ಕರೆದರೆ ಕೂಲಿ ಬಿಟ್ಟು ಬರುವವರು ಯಾರು? ಸಂಜೆ ಆರಕ್ಕೆ, ಇಲ್ಲವೇ ಊರಿನ ಸಂತೆಯ ದಿನ ಕರೆದ ಶಾಲೆಗಳಲ್ಲಿ ತಾಯಂದಿರು ಬರುತ್ತಾರೆ, ಬಂದು ಮಾತಾಡುತ್ತಾರೆ. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳು ಊರವರ ಎದುರೇ ಓದಿ, ಲೆಕ್ಕ ಮಾಡಿ ತೋರಿಸುವ ಕ್ರಮವಿದೆ. ಅಲ್ಲಿ ತನ್ನ ಮಗಳು ಗಟ್ಟಿಯಾಗಿ ಓದುವುದನ್ನು ಕೇಳಿದ ತಾಯಿ ಮುಂದಿನ ಸಭೆಗೆ ಕರೆಯದೆಯೂ ಬರುತ್ತಾಳೆ.

2020ರಲ್ಲಿ ಕೊರೊನಾ ಶಾಲೆಗಳನ್ನು ಮುಚ್ಚಿಸಿದಾಗ ಈ ನಂಟಿನ ಪರೀಕ್ಷೆ ನಡೆಯಿತು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ದಲ್ಲಿ ಶಿಕ್ಷಕರು ದೇವಸ್ಥಾನದ ಕಟ್ಟೆ, ಅರಳಿಮರದ ನೆರಳು, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಆ ಕೆಲವು ವಾರಗಳಲ್ಲಿ ಎಷ್ಟೋ ಶಿಕ್ಷಕರು ತಮ್ಮ ಮಕ್ಕಳು ಮನೆಯಲ್ಲಿ ಎಲ್ಲಿ ಕೂತು ಓದುತ್ತಾರೆ, ಅಲ್ಲಿ ಬೆಳಕೆಷ್ಟು ಬರುತ್ತದೆ ಎಂಬುದನ್ನು ಮೊದಲ ಬಾರಿಗೆ ಕಣ್ಣಾರೆ ಕಂಡರು.

ಈ ಸುದ್ದಿಯ ದಾರಿ ಅತ್ಯಂತ ಬೇಕಾಗುವುದು ಗುಳೆ ಹೋಗುವ ಮನೆಗಳಿಗೆ. ಸುಗ್ಗಿ ಮುಗಿದ ಮೇಲೆ ಕಲ್ಯಾಣ ಕರ್ನಾಟಕದ ಕುಟುಂಬಗಳು ಬೆಂಗಳೂರಿನ ಕಟ್ಟಡಗಳಿಗೆ, ಬಳ್ಳಾರಿ ಕಡೆಯವರು ಮಂಡ್ಯದ ಕಬ್ಬಿನ ಗದ್ದೆಗಳಿಗೆ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರು ಸಾಲಾಗಿ ಬೀಳತೊಡಗುತ್ತದೆ. ಹೊರಡುವ ಸುದ್ದಿ ಮೊದಲೇ ಶಾಲೆಗೆ ಮುಟ್ಟಿದರೆ ಮಗುವನ್ನು ಋತುಮಾನದ ವಸತಿ ಕೇಂದ್ರದಲ್ಲಿ ಉಳಿಸಲು ದಾರಿ ಹುಡುಕಬಹುದು. ಜೊತೆಗೇ ಕರೆದೊಯ್ಯುವುದಾದರೆ ಹೋದ ಊರಿನ ಶಾಲೆ ಅದನ್ನು ಸೇರಿಸಿಕೊಳ್ಳಲೇಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಶಿಕ್ಷಣ ಇಲಾಖೆಯ ದಾಖಲೆಯಲ್ಲಿರುವ ಮಗುವಿನ ಸ್ಯಾಟ್ಸ್ ಸಂಖ್ಯೆ, ಓದುತ್ತಿದ್ದ ತರಗತಿ, ಏಣಿಯಲ್ಲಿ ದಾಟಿದ ಕೊನೆಯ ಮೈಲಿಗಲ್ಲು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹೊರಡುವ ಮುನ್ನ ತಾಯಿಯ ಕೈಗೆ ಕೊಟ್ಟರೆ ಮಂಡ್ಯದ ಟೀಚರ್ ಆ ಮಗುವನ್ನು ಮುಂದಿನ ಕಾರ್ಡಿನಿಂದಲೇ ಕೂರಿಸಿಕೊಳ್ಳಬಲ್ಲರು.